ಕಡಲಿಲ್ಲದ ಬಡಾವಣೆಯಿಂದ ಕಡಲ ಯಾನ

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಗಂಗಾನಗರ ಮತ್ತು ಸುಲ್ತಾನ್‌ಪಾಳ್ಯಗಳ ನೆರೆಯಲ್ಲಿರುವ ನಮ್ಮ ಆರ್.ಟಿ. ನಗರವು ವಿಶ್ವಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಬಡಾವಣೆ. ಎರಡು ಅಕ್ಷರಗಳ ಮರೆಯಲ್ಲಿ ಆ ಹೆಸರು ಅಡಗಿಹೋಗಿರುವುದರಿಂದ ಇಲ್ಲಿನ ಮಕ್ಕಳಲ್ಲಿ ಅನೇಕರಿಗೆ ಇದು ತಿಳಿಯದು. ಇಲ್ಲಿಂದ ಕಡಲನ್ನು ಕಾಣಬೇಕಾದರೆ ಸುಮಾರು ಮುನ್ನೂರು ಕಿಲೋಮೀಟರ್ ಕ್ರಮಿಸಬೇಕು. ಆದರೂ ಈಚಿನ ವರ್ಷಗಳಲ್ಲಿ ಬಡಾವಣೆಯ ಉದ್ಯಾನದ ಕಲ್ಲುಬೆಂಚುಗಳ ಮೇಲೆ ಹಡಗಿನ ಮಾತು ಕೇಳಿಬರುತ್ತಿದೆ.

ಇದಕ್ಕೆ ಕಾರಣಗಳಿಲ್ಲದಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದ ಮೇಲ್ಸೇತುವೆ ದಾಟಿದರೆ ಪರದೇಶದ ಹಾದಿ ತೆರೆದಂತೆಯೇ. ಅಮೆರಿಕದಲ್ಲಿರುವ ಮಗನೋ ಮಗಳೋ ತಂದೆತಾಯಿಯರನ್ನು ಕರೆಸಿಕೊಂಡು ಅಲಾಸ್ಕದ ಹಿಮನದಿಗಳನ್ನು ಹಡಗಿನಲ್ಲಿ ತೋರಿಸುವುದುಂಟು. ಸಿಂಗಪುರದಿಂದ ಮೂರು ನಾಲ್ಕು ರಾತ್ರಿಗಳ ಯಾನ ಮಾಡಿ ಬರುವ ಕುಟುಂಬಗಳೂ ಉಂಟು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ಸಂಚಾರ ಆರಂಭಿಸಿದಾಗ ಈ ವಿನೋದವು ಇನ್ನಷ್ಟು ಸಮೀಪಕ್ಕೆ ಬಂದಿತು.

ಒಮ್ಮೆ ಹೋಗಿಬಂದವರನ್ನು ಮತ್ತೆ ಮತ್ತೆ ಕರೆಯುವ ಉಪಾಯವನ್ನು ಹಡಗು ಸಂಸ್ಥೆಗಳು ಬಲ್ಲವು. ರಾಯಲ್ ಕೆರಿಬಿಯನ್ ಸಂಸ್ಥೆಯ ‘ಕ್ರೌನ್ ಅಂಡ್ ಆಂಕರ್ ಸೊಸೈಟಿ’ಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಸಾಮಾನ್ಯ ಕೋಣೆಯಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ. ದುಬಾರಿ ಸೂಟ್‌ಗಳಲ್ಲಿ ಎರಡು. ಮೂರು ಅಂಕಗಳಿಗೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್ ಎಂಬ ದರ್ಜೆಗಳು. ಡೈಮಂಡ್ ದರ್ಜೆಯವರಿಗೆ ದಿನಕ್ಕೆ ನಾಲ್ಕು ಪಾನೀಯಗಳೂ ಒಂದು ದಿನದ ಉಚಿತ ಅಂತರ್ಜಾಲವೂ ದೊರೆಯುತ್ತವೆ.

ಇದನ್ನು ನಮ್ಮ ಮನೆಯ ಲೆಕ್ಕದಲ್ಲಿ ನೋಡೋಣ. ವರ್ಷಕ್ಕೊಮ್ಮೆ ಮೂರು ರಾತ್ರಿಗಳ ಯಾನ ಮಾಡುವ ದಂಪತಿಗಳು 80 ಅಂಕ ಗಳಿಸಲು 27 ಯಾನಗಳನ್ನು ಮಾಡಬೇಕು. ಅರವತ್ತನೆಯ ವಯಸ್ಸಿನಲ್ಲಿ ಮೊದಲು ಹಡಗು ಹತ್ತಿದವರು ಡೈಮಂಡ್ ಆಗುವಾಗ ಎಂಬತ್ತಾರು ತುಂಬಿರುತ್ತದೆ! ಮದ್ಯ ಮುಟ್ಟದ ಮನೆಯವರಿಗೆ ಪಾನೀಯದ ಸವಲತ್ತು ಕಾಫಿ, ಹಣ್ಣಿನ ರಸಗಳಲ್ಲಿ ಮುಗಿಯುತ್ತದೆ. ಉಳಿಯುವ ಒಂದು ದಿನದ ಅಂತರ್ಜಾಲವನ್ನು ಹಣ ಕೊಟ್ಟು ಕೊಂಡರೂ ಇಪ್ಪತ್ತು ಮೂವತ್ತು ಡಾಲರುಗಳ ಮಾತು. ಕಾರ್ನಿವಲ್ ಸಂಸ್ಥೆಯಂತೂ ರಾತ್ರಿಗಳ ಎಣಿಕೆಯನ್ನೇ ಬಿಟ್ಟು, ಖರ್ಚು ಮಾಡಿದ ಹಣವನ್ನು ಆಧರಿಸಿ ದರ್ಜೆ ನೀಡುವುದಾಗಿ 2025ರಲ್ಲಿ ಘೋಷಿಸಿತು. ಅಂದರೆ ನಿಯಮ ಬರೆಯುವವರು ಅವರು, ಅಂಕ ಕೂಡಿಸುವವರು ಮಾತ್ರ ನಾವು.

ಹಾಗೆಂದು ಹಡಗಿನ ಅಂತರ್ಜಾಲ ನಿರುಪಯುಕ್ತವೆಂದು ಹೇಳಲಾಗದು. ದಡದ ದೀಪಗಳು ಹಿಂದೆ ಸರಿದೊಡನೆ ಕಿಸೆಯಲ್ಲಿನ ಮೊಬೈಲ್ ಮೂಕವಾಗುತ್ತದೆ. ಊರಿನಲ್ಲಿ ವಯೋವೃದ್ಧರನ್ನು ಬಿಟ್ಟುಬಂದವರಿಗೆ ಆ ಮೌನ ಸಹ್ಯವಲ್ಲ. ಹಿಂದೆ ಹಡಗುಗಳು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೆಚ್ಚಿದ್ದುದರಿಂದ ಮಾತಿಗೂ ಮಾರುತ್ತರಕ್ಕೂ ನಡುವೆ ಅಂತರ ಬೀಳುತ್ತಿತ್ತು. 2022ರ ಆಗಸ್ಟಿನಲ್ಲಿ ರಾಯಲ್ ಕೆರಿಬಿಯನ್ ತನ್ನ ಹಡಗುಗಳಿಗೆಲ್ಲ ಸ್ಟಾರ್‌ಲಿಂಕ್ ಅಳವಡಿಸುವುದಾಗಿ ಪ್ರಕಟಿಸಿತು. ಇದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿಯೇ ಸುತ್ತುವುದರಿಂದ ನಡುಗಡಲಿನಲ್ಲಿಯೂ ಮೊಮ್ಮಕ್ಕಳ ಮುಖ ನೋಡಿ ಮಾತನಾಡುವುದು ಸಾಧ್ಯವಾಗಿದೆ.

ಹೊರಡುವ ಬಂಧುಗಳಿಗೆ ಕೆಲವು ಸೂಚನೆಗಳು. ಅಂತರ್ಜಾಲವನ್ನು ಹಡಗಿನೊಳಗೆ ಕೊಳ್ಳುವುದಕ್ಕಿಂತ ಮುಂಚಿತವಾಗಿ ಕಾದಿರಿಸುವುದು ಸಾಮಾನ್ಯವಾಗಿ ಅಗ್ಗ. ದಂಪತಿಗಳಿಗೆ ಒಂದು ಸಾಧನದ ಪರವಾನಗಿ ಸಾಕು. ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಬಳಸಬಹುದು. ಮೊಬೈಲನ್ನು ವಿಮಾನದಲ್ಲಿ ಇಡುವಂತೆ ‘ಏರೋಪ್ಲೇನ್ ಮೋಡ್’ನಲ್ಲಿ ಇಡತಕ್ಕದ್ದು, ಇಲ್ಲವಾದರೆ ಹಡಗಿನದೇ ಮೊಬೈಲ್ ಜಾಲವು ತಾನಾಗಿ ಹಿಡಿದುಕೊಂಡು ದೊಡ್ಡ ಬಿಲ್ ಬರಬಹುದು. ಸಸ್ಯಾಹಾರದ ವಿಷಯವನ್ನು ಟಿಕೆಟ್ ಪಡೆಯುವಾಗಲೇ ತಿಳಿಸುವುದು ಲೇಸು. ಕೋಣೆಯೊಳಗೆ ದೀಪ, ಊದುಬತ್ತಿ ಹಚ್ಚಲು ಅನುಮತಿ ಇರುವುದಿಲ್ಲ. ಆದರೆ ಇಷ್ಟಲಿಂಗಪೂಜೆಗೆ ಇದರಿಂದ ಅಡ್ಡಿಯೇನಿಲ್ಲ. ವಿಭೂತಿಯ ಗಟ್ಟಿಯೊಂದು, ಒಂದು ಬಟ್ಟಲು ನೀರು, ಏಕಾಗ್ರವಾದ ಮನಸ್ಸು, ಇಷ್ಟಿದ್ದರೆ ಸಾಕು. ಗುಡಿಯನ್ನು ಹುಡುಕಿ ಹೋಗಬೇಕಾಗಿಲ್ಲದ ಧರ್ಮಕ್ಕೆ ನೆಲವಾದರೇನು, ಜಲವಾದರೇನು?

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಕವಿಯೂ ಕಡಲ ಪ್ರವಾಸಿಯೇ. 1912ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ತೆರಳುವಾಗ ಅವರು ತಮ್ಮ ಕವಿತೆಗಳನ್ನು ಇಂಗ್ಲಿಷಿಗೆ ತರುವ ಕಾರ್ಯವನ್ನು ಮುಂದುವರಿಸಿದರು. ಆ ‘ಗೀತಾಂಜಲಿ’ಗೆ ಮರುವರ್ಷ ನೊಬೆಲ್ ಪಾರಿತೋಷಕ ಸಂದಿತು. ಕಡಲು ಕೊಡುವ ಬಿಡುವನ್ನು ಅವರು ಬಳಸಿಕೊಂಡ ಬಗೆ ಅದು. ನಾವೆಲ್ಲ ಕವಿಗಳಲ್ಲ, ನಿಜ. ಆದರೆ ವರ್ಷವಿಡೀ ಜೊತೆಗೆ ಕುಳಿತು ಮಾತನಾಡಲಾಗದ ಮಗನೊಡನೆ ಹಡಗಿನ ಅಟ್ಟಣೆಯ ಮೇಲೆ ಸೂರ್ಯೋದಯ ನೋಡುವಾಗ ಎಲ್ಲರ ಕಣ್ಣೂ ಅಂಗೈಯ ಪರದೆಯ ಮೇಲಿದ್ದರೆ ಅಷ್ಟು ದೂರ ಹೋದುದರ ಫಲವೇನು?

ಆದುದರಿಂದ ಮನೆಯವರ ಕ್ಷೇಮ ವಿಚಾರಿಸಲು ದಿನಕ್ಕೊಂದು ಗಳಿಗೆ ಅಂತರ್ಜಾಲ ಇರಲಿ. ಉಳಿದ ಕಾಲ ಕಡಲಿಗೂ ಜೊತೆಯವರಿಗೂ ಮೀಸಲಾಗಲಿ. ದರ್ಜೆ ತಾನಾಗಿ ಬಂದರೆ ಬರಲಿ, ಅದಕ್ಕಾಗಿ ಮತ್ತೊಂದು ಯಾನ ಬೇಡ. ಮೇಲುಕೀಳೆಂಬ ಮೆಟ್ಟಿಲುಗಳನ್ನೇ ಅಲ್ಲಗಳೆದ ಶರಣರ ಪರಂಪರೆಯಲ್ಲಿ ಬಂದ ನಾವು, ಕಾಯಕದಿಂದ ಕೂಡಿಟ್ಟ ಹಣವನ್ನು ಹಡಗಿನ ಮೆಟ್ಟಿಲುಗಳಿಗೆ ಸುರಿಯುವುದು ಸಲ್ಲದು.