ಹಳದಿ ಬಾತುಕೋಳಿ ಮತ್ತು ಡಿಒಪಿ ಡ್ರಮ್ಮು

ಕಳೆದ ತಿಂಗಳು ಮಗಳು ಕೂಸನ್ನು ಕರಕೊಂಡು ಪುಣೆಯಿಂದ ಡೊಂಬಿವಿಲಿಗೆ ಬಂದಿದ್ದಳು. ಮೊಮ್ಮಗಳಿಗೆ ಈಗ ಎಂಟು ತಿಂಗಳು. ಹಲ್ಲು ಬರುವ ಹೊತ್ತು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನನಗೆ ಮಾಳಿಗೆ ಮೇಲಿನ ಟ್ರಂಕು ನೆನಪಾಯಿತು. 1994ರಲ್ಲಿ ಮಗಳಿಗೆಂದು ದಾದರ್ ಸ್ಟೇಷನ್ನಿನ ಹೊರಗೆ ಕೊಂಡಿದ್ದ ಹಳದಿ ಬಾತುಕೋಳಿ ಅದರಲ್ಲಿತ್ತು. ಒತ್ತಿದರೆ ಪೀಂ ಅನ್ನುತ್ತಿದ್ದ ಮೆತ್ತಗಿನ ಬಾತುಕೋಳಿ.

ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದೆವು. ಬಿಚ್ಚಲು ಹೋದರೆ ಪೇಪರು ಅಂಟಿಕೊಂಡಿತ್ತು. ಕಿತ್ತು ನೋಡಿದರೆ ಹೊಟ್ಟೆಯ ಮೇಲೆ ಅಕ್ಷರಗಳು ಉಲ್ಟಾ ಅಚ್ಚಾಗಿದ್ದವು. ಸೋಪು ಹಚ್ಚಿ ತೊಳೆದೆ, ಅಂಟು ಹೋಗಲಿಲ್ಲ. ಇರಲಿ ಅಂತ ಕೂಸಿನ ಕೈಗೆ ಕೊಡಹೋದೆ. ಮಗಳು ಓಡಿಬಂದು ಕಸಿದುಕೊಂಡಳು.

"ಅಪ್ಪ, ಇದನ್ನು ಅವಳ ಬಾಯಿಗೆ ಕೊಡಬೇಡಿ. ಥ್ಯಾಲೇಟ್ ಇರುತ್ತೆ."

ನನಗೆ ಸ್ವಲ್ಪ ಸಿಟ್ಟೇ ಬಂತು. "ನೀನೂ ಇದನ್ನೇ ಚೀಪಿ ಬೆಳೆದವಳಲ್ವಾ? ನಿನಗೇನಾಯ್ತು?" ಅಂದೆ.

"ಏನೂ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಅಂದಳು.

ಉತ್ತರ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಯಾಕೆಂದರೆ ಥ್ಯಾಲೇಟ್ ನನಗೆ ಹೊಸ ಹೆಸರಲ್ಲ. ಸಾಕಿನಾಕಾದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವನು ನಾನು. ಟೇಬಲ್ ಕವರಿನ ಹಾಳೆ ತಯಾರಿಸುತ್ತಿದ್ದರು. ಖರೀದಿ ಪುಸ್ತಕದಲ್ಲಿ ಪಿವಿಸಿ ಪುಡಿಯ ಮೂಟೆಯ ಕೆಳಗೇ "ಡಿಒಪಿ, ಇಷ್ಟು ಡ್ರಮ್" ಅಂತ ಬರೆಯುತ್ತಿದ್ದೆ. ಡೈ ಆಕ್ಟೈಲ್ ಥ್ಯಾಲೇಟ್. ಎಣ್ಣೆಯಂಥ ದ್ರವ. ಅದರ ರೇಟು ಏರಿದ್ದು ಇಳಿದದ್ದು ಬಾಯಿಪಾಠ ಇತ್ತು. ಅದು ಏನು ಅಂತ ಒಂದು ದಿನವೂ ಕೇಳಲಿಲ್ಲ!

ವಿಷಯ ಇಷ್ಟೇ. ಪಿವಿಸಿ ಹುಟ್ಟಿನಿಂದ ಗಟ್ಟಿ. ನಮ್ಮ ಬಿಲ್ಡಿಂಗಿನ ನೀರಿನ ಪೈಪೂ ಅದೇ, ಬಾತುಕೋಳಿಯೂ ಅದೇ. ಮೆತ್ತಗಾಗಲು ಅದಕ್ಕೆ ಈ ಎಣ್ಣೆ ಬೆರೆಸಬೇಕು. ತುಂಬಾ ಮೆತ್ತಗೆ ಬೇಕಿದ್ದರೆ ತೂಕದಲ್ಲಿ ನೂರಕ್ಕೆ ಮೂವತ್ತು-ನಲವತ್ತು ಭಾಗದ ತನಕ. ಆದರೆ ಎಣ್ಣೆ ಪ್ಲಾಸ್ಟಿಕ್ಕಿನ ಜತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಸುಮ್ಮನೆ ಒಳಗೆ ಕೂತಿರುತ್ತದೆ. ಬಿಸಿ ತಗುಲಿದರೆ, ಎಣ್ಣೆ ಜಿಡ್ಡು ಸೋಕಿದರೆ, ಮಗು ಚೀಪಿ ಅಗಿದರೆ ನಿಧಾನವಾಗಿ ಹೊರಗೆ ಬರುತ್ತದೆ. ಹಳೇ ಬಾತುಕೋಳಿಯ ಮೈ ಅಂಟಂಟಾದದ್ದು, ಪೇಪರಿನ ಮಸಿ ಹತ್ತಿದ್ದು ಅದರಿಂದಲೇ ಇರಬೇಕು.

ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಡಿಒಪಿಯಂಥ ಕೆಲವು ಥ್ಯಾಲೇಟುಗಳು ಗಂಡು ಮರಿಗಳ ಜನನಾಂಗದ ಬೆಳವಣಿಗೆಯನ್ನು ಕೆಡಿಸಿದ್ದು ಕಂಡಿದೆ. ಒಂದು ಬಾತುಕೋಳಿ ಚೀಪಿದ ಮಾತ್ರಕ್ಕೆ ರೋಗ ಬರುತ್ತದೆ ಅಂತಲ್ಲ. ಆದರೆ ಅದೊಂದೇ ಅಲ್ಲವಲ್ಲ. ಟೇಬಲ್ ಕವರು, ರೈನ್‌ಕೋಟು, ತಿನ್ನುವ ಆಹಾರ, ಹೀಗೆ ಹತ್ತು ಕಡೆಯಿಂದ ಚೂರು ಚೂರು ಮೈಗೆ ಸೇರುತ್ತದೆ. ಅದಕ್ಕೇ 1999ರಲ್ಲಿ ಯುರೋಪಿನವರು ಮೂರು ವರ್ಷದೊಳಗಿನ ಮಕ್ಕಳು ಬಾಯಿಗಿಡುವ ಆಟಿಕೆಗಳಲ್ಲಿ ಆರು ಥ್ಯಾಲೇಟುಗಳನ್ನು ತಾತ್ಕಾಲಿಕವಾಗಿ ನಿಷೇಧಿಸಿದರು, 2005ರಲ್ಲಿ ಕಾಯಂ ಮಾಡಿದರು. ಮಿತಿ ಶೇಕಡಾ 0.1. ಅಂದರೆ ನೂರು ಗ್ರಾಮಿನ ಆಟಿಕೆಯಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಮೂವತ್ತು ಗ್ರಾಂ ಎಲ್ಲಿ, ಇದೆಲ್ಲಿ! ಅಮೆರಿಕದಲ್ಲಿ 2008ರಲ್ಲಿ ಕಾನೂನು ಬಂತು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಗಳ ಭಾರತೀಯ ಮಾನಕದಲ್ಲಿ ಥ್ಯಾಲೇಟಿಗೇ ಒಂದು ಪ್ರತ್ಯೇಕ ಭಾಗ ಇದೆ.

ಒಳ್ಳೆಯದೇ. ಆದರೆ ಮೊನ್ನೆ ಠಾಣೆ ಲೋಕಲ್ಲಿನಲ್ಲಿ ಒಬ್ಬ ಹುಡುಗ ಮೆತ್ತಗಿನ ಬೊಂಬೆ ಮಾರುತ್ತಿದ್ದ. ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ, ಯಾವ ಗುರುತೂ ಇಲ್ಲ. "ಇಪ್ಪತ್ತು ರೂಪಾಯಿಗೆ ಇನ್ನೇನು ನೋಡ್ತೀರಿ ಅಂಕಲ್" ಅಂತ ನಕ್ಕ. ಅವನ ತಪ್ಪೇನಿದೆ? ನಾನೂ ದಾದರಿನಲ್ಲಿ ಏನೂ ನೋಡದೆ ಕೊಂಡವನೇ. ಇನ್ನು ಕಾನೂನು ಅಂಗಡಿಯ ತನಕ ಬಂದರೂ ನಮ್ಮ ಮಾಳಿಗೆಯ ಟ್ರಂಕಿನ ತನಕ ಬರುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಮಗಳು ತಂದಿದ್ದು ಚನ್ನಪಟ್ಟಣದ ಗಿಲಕಿ. ಹಾಲೆ ಮರ, ಅರಗಿನ ಬಣ್ಣ. ಮೆತ್ತಗೆ ಮಾಡುವ ಎಣ್ಣೆಯ ಗೊಡವೆಯೇ ಇಲ್ಲ. ಮೂವತ್ತೆಂಟು ವರ್ಷ ಮುಂಬಯಿಯಲ್ಲಿದ್ದು, ಪ್ರತಿ ಸಲ ಬೆಂಗಳೂರಿಗೆ ಹೋದಾಗಲೂ ಅಂಗಡಿಯಲ್ಲಿ ಅದನ್ನು ನೋಡಿ "ಮರದ್ದು, ಮಗುವಿಗೆ ಪೆಟ್ಟಾದೀತು" ಅಂತ ಬಿಟ್ಟುಬಂದಿದ್ದೆ. ಮೆತ್ತಗಿದ್ದದ್ದೇ ಮಗುವಿಗೆ ಒಳ್ಳೆಯದು ಅಂತ ನನ್ನ ಲೆಕ್ಕ.

ಬಾತುಕೋಳಿಯನ್ನು ಎಸೆಯೋಣ ಅಂದೆ. ಮಗಳೇ ಬೇಡ ಅಂದಳು. ಈಗ ಅದು ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ, ಕೂಸಿನ ಕೈಗೆ ಸಿಗದಷ್ಟು ಎತ್ತರದಲ್ಲಿ ಕೂತಿದೆ. ನಿಮ್ಮ ಮನೆಯ ಮಾಳಿಗೆಯಲ್ಲೂ ಇಂಥದ್ದೊಂದು ಇದ್ದರೆ, ಮೊಮ್ಮಕ್ಕಳು ಬರುವ ಮೊದಲು ಒಮ್ಮೆ ಮುಟ್ಟಿ ನೋಡಿ.