ಅಮ್ಮನ ಎಂ.ಸಿ.ಆರ್. ಚಪ್ಪಲಿ

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವುದು ನಮ್ಮ ಅಮ್ಮ. ಇದು ನಿಮಗೆಲ್ಲರಿಗೂ ಗೊತ್ತು. ಆದರೆ ಅಮ್ಮನಿಗೆ ಹಿಮ್ಮಡಿ ನೋವು ಇರುವುದು ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಮೊದಲನೇ ಹೆಜ್ಜೆ ಇಟ್ಟರೆ ಮುಳ್ಳು ಚುಚ್ಚಿದ ಹಾಗೆ ಆಗುತ್ತಿತ್ತಂತೆ. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದಳು. ಸ್ವಲ್ಪ ಓಡಾಡಿದರೆ ಕಮ್ಮಿ, ಸಾಯಂಕಾಲ ಮತ್ತೆ ಜಾಸ್ತಿ. ಅಜ್ಜಿ ಬಿಸಿ ಇಟ್ಟಿಗೆ ಮೇಲೆ ಎಕ್ಕದ ಎಲೆ ಹಾಕಿ ಶಾಖ ಕೊಡಿಸಿದಳು. ಅವತ್ತು ಹಾಯಾಗಿತ್ತು. ಮಾರನೇ ದಿನ ಅದೇ ಕತೆ.

ಕೊನೆಗೆ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡಾಕ್ಟ್ರು ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿದರು. ಅಮ್ಮ ಕಿರುಚಿಬಿಟ್ಟಳು. ಅಂಗಾಲಿನ ಒಳಗೆ ಹಿಮ್ಮಡಿಯಿಂದ ಬೆರಳಿನ ಬುಡದವರೆಗೂ ಒಂದು ಗಟ್ಟಿ ಪಟ್ಟಿ ಇದೆಯಂತೆ, ಬಿಲ್ಲಿಗೆ ಹಗ್ಗ ಕಟ್ಟಿದ ಹಾಗೆ. ಕಲ್ಲುಹಾಸಿನ ಮೇಲೆ ದಿನಾ ಬರಿಗಾಲಲ್ಲಿ ನಿಂತರೆ ಅದಕ್ಕೆ ಪೆಟ್ಟಾಗುತ್ತದೆ. ರಾತ್ರಿ ಮಲಗಿದಾಗ ಬಿಗಿಯಾಗುತ್ತದೆ, ಬೆಳಿಗ್ಗೆ ಒಂದೇ ಸಲ ಎಳೆದಾಗ ಚುಚ್ಚುತ್ತದೆ. ಆಮೇಲೆ ಡಾಕ್ಟ್ರು ಅಮ್ಮನ ಹವಾಯಿ ಚಪ್ಪಲಿ ನೋಡಿದರು. ಹಿಂದುಗಡೆ ಸವೆದು ದೋಸೆ ಥರ ಆಗಿತ್ತು. "ಇದನ್ನ ಹಾಕ್ಕೊಂಡ್ರೂ ಒಂದೇ, ಬಿಟ್ರೂ ಒಂದೇ ಕಣಮ್ಮ" ಅಂದರು. ಎಂ.ಸಿ.ಆರ್. ಚಪ್ಪಲಿ ತಗೊಳ್ಳಿ, ಒಳಗೆ ಕೆಲಸ ಮಾಡುವಾಗಲೂ ಹಾಕ್ಕೊಳ್ಳಿ ಅಂತ ಹೇಳಿದರು. 380 ರೂಪಾಯಿ ಆಯಿತು. ಅದನ್ನು ಒತ್ತಿದರೆ ಬನ್ನಿನ ಹಾಗೆ ತಗ್ಗಿ ಮತ್ತೆ ಮೇಲೆ ಬರುತ್ತದೆ. ನಾನು ದಾರಿ ಉದ್ದಕ್ಕೂ ಒತ್ತಿದ್ದೇ ಒತ್ತಿದ್ದು.

ಮೂರನೇ ದಿನ ನಲ್ಲಿ ಹತ್ತಿರ ಒಬ್ಬರು, "ಇದು ಕುಷ್ಠ ಬಂದೋರಿಗೆ ಆಸ್ಪತ್ರೇಲಿ ಕೊಡೋ ಎಕ್ಕಡ ಅಲ್ವೇನೇ? ಮಕ್ಕಳಿಗೆ ಅಡುಗೆ ಬೇರೆ ಮಾಡ್ತೀಯ" ಅಂದರು. ಅಮ್ಮ ಏನೂ ಮಾತಾಡದೆ ಕೊಡ ಎತ್ತಿಕೊಂಡಳು. ನನಗೆ ಹೆದರಿಕೆ ಆಯಿತು. ನೀವೆಲ್ಲ ಊಟ ಬಿಟ್ಟರೆ? ಅಮ್ಮನ ಕೆಲಸ ಹೋದರೆ? "ಸ್ಕೂಲಿಗೆ ಅದನ್ನ ಹಾಕ್ಕೊಂಡು ಬರಬೇಡ" ಅಂತ ನಾನೇ ಹೇಳಿದೆ. ಅಮ್ಮ ಚಪ್ಪಲಿಯನ್ನು ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು.

ಹದಿನೈದು ದಿನ ಆದಮೇಲೆ ನಾನು ನೀರು ಕುಡಿಯಲು ಅಡುಗೆಮನೆ ಕಡೆ ಹೋಗಿದ್ದೆ. ಅಮ್ಮ ಸಾರಿನ ಪಾತ್ರೆ ಇಳಿಸಿ, ಒಂಟಿಕಾಲಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ನೀರು ಕುಡಿಯದೇ ವಾಪಸ್ ಬಂದೆ.

ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಬೈಯಲಿಲ್ಲ. ಎಂ.ಸಿ.ಆರ್. ಅಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್. ಅದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆ ಇರುತ್ತವೆ. ಕುಷ್ಠ ಬಂದವರ ಕಾಲಿಗೆ ಸ್ಪರ್ಶ ತಿಳಿಯುವುದಿಲ್ಲ, ಗಾಯ ಆದರೂ ಗೊತ್ತಾಗುವುದಿಲ್ಲ. ಅಂಥವರಿಗಾಗಿ ತಮಿಳುನಾಡಿನ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಡಾಕ್ಟರು ಮೆತ್ತನೆಯ ಚಪ್ಪಲಿ ಮಾಡಿಸಿದರಂತೆ. ನಲ್ಲಿ ಹತ್ತಿರ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಈಗ ಸಕ್ಕರೆ ಕಾಯಿಲೆಯವರೂ ಹಿಮ್ಮಡಿ ನೋವಿನವರೂ ಅದನ್ನೇ ಹಾಕುತ್ತಾರೆ. ಚಪ್ಪಲಿಯಿಂದ ಯಾವ ಕುಷ್ಠವೂ ಬರುವುದಿಲ್ಲ. ಬಂದರೂ 6 ತಿಂಗಳೋ 12 ತಿಂಗಳೋ ಮಾತ್ರೆ ನುಂಗಿದರೆ ವಾಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಹಾಗಾದರೆ ಆ ರೋಗ ಬಂದವರನ್ನು ಕಂಡು ನಾವು ಯಾಕೆ ಓಡುತ್ತೇವೆ ಅಂತ ನಾನು ಕೇಳಿದೆ. ಮೇಷ್ಟ್ರು "ಅದನ್ನೇ ಬರಿ" ಅಂದರು.

ಅವತ್ತು ಸಾಯಂಕಾಲ ನಾನೇ ಅಟ್ಟ ಹತ್ತಿ ಚಪ್ಪಲಿ ಇಳಿಸಿ ತೊಳೆದೆ. ಒಲೆ ಹತ್ತಿರ ಚಪ್ಪಲಿ ಹಾಕಬಾರದು ಅಂತ ಅಜ್ಜಿ ಎರಡು ದಿನ ಮುನಿಸಿಕೊಂಡಿದ್ದಳು. ಹೊರಗೆ ಅದನ್ನು ಮೆಟ್ಟುವುದಿಲ್ಲ ಅಂದಮೇಲೆ ಸುಮ್ಮನಾದಳು. ಬೆಳಿಗ್ಗೆ ಏಳುವ ಮುಂಚೆ ಅಮ್ಮ ಕಾಲಿಗೆ ಟವಲ್ ಹಾಕಿ ಬೆರಳನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ನಾನು ಮೂವತ್ತರ ತನಕ ಎಣಿಸುತ್ತೇನೆ. ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ಗೋಡೆ ಹಿಡಿಯುವುದಿಲ್ಲ.

ಅಡುಗೆಮನೆ ಬಾಗಿಲ ಒಳಗಡೆ ಇರುವ ಕಪ್ಪು ಚಪ್ಪಲಿ ಅದೇ. ಏನಾದರೂ ಕೇಳಬೇಕಿದ್ದರೆ ನನ್ನನ್ನು ಕೇಳಿ. ಅಮ್ಮನನ್ನು ಕೇಳಬೇಡಿ.

– ಏಳನೇ ತರಗತಿ