ಇನ್ನೂರು ಡಾಲರಿನ ಕೋವಿ

ಪೇಂಟ್‌ಬಾಲ್ ಆಡೋದಕ್ಕೆ ಸ್ವಂತದ್ದೊಂದು ಗನ್ ಬೇಕು ಅಂತ ಅನ್ನಿಸಿದ್ದು ಈ ವರ್ಷ. ಅದರಲ್ಲೂ ಪಂಪ್ ಗನ್. ಆಟ ಗೊತ್ತಿರೋ ಆಫೀಸಿನ ಗೆಳೆಯರಿಗೆ ಹೇಳಿದರೆ ಅಯ್ಯೋ ಪಾಪ ಅನ್ನೋ ಹಾಗೆ ನೋಡಿದರು. ಯಾಕೆ ಅಂದ್ರೆ, ಪಂಪ್‌ನಲ್ಲಿ ಒಂದು ಗುಂಡು ಹೊಡೆದ ಮೇಲೆ ನಳಿಗೆಯ ಕೆಳಗಿನ ಹಿಡಿಯನ್ನ ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಬೇಕು. ಎಳೆದಾಗ ಒಳಗಿನ ಸುತ್ತಿಗೆ ಕೂತುಕೊಳ್ಳತ್ತೆ, ಗುಂಡು ಕೆಳಗೆ ಬೀಳತ್ತೆ. ತಳ್ಳಿದಾಗ ಅದು ನಳಿಗೆಗೆ ಹೋಗತ್ತೆ. ಆಮೇಲೇ ಟ್ರಿಗರ್. ಎದುರಿನವನ ಕೈಲಿರೋದು ಸೆಮಿ ಆಟೋಮ್ಯಾಟಿಕ್, ಮೇಲೆ ಇನ್ನೂರು ಗುಂಡು ಹಿಡಿಸೋ ಡಬ್ಬ. ಅವನು ಬೆರಳಾಡಿಸ್ತಾ ಇದ್ರೆ ಸಾಕು.

ನಾವು ಆರು ಜನ, ತಿಂಗಳಿಗೊಂದು ಶನಿವಾರ ನ್ಯೂಜೆರ್ಸಿಯಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಪೆನ್ಸಿಲ್ವೇನಿಯಾದ ಕಾಡಿಗೆ ಹೋಗ್ತೀವಿ. ಪ್ರವೇಶ, ಬಾಡಿಗೆ ಗನ್, ಗಾಳಿ ಎಲ್ಲ ಸೇರಿ 40 ಡಾಲರ್. ಆದರೆ ಜೇಬು ಕತ್ತರಿಸೋದು ಗನ್ ಅಲ್ಲ, ಗುಂಡು. ನಾವು ಹೋಗೋ ಕಡೆ 500ಕ್ಕೆ 30 ಡಾಲರ್, ಹೊರಗಿಂದ ತರೋ ಹಾಗಿಲ್ಲ. ಸೆಮಿ ಕೈಲಿದ್ರೆ ದಿನಕ್ಕೆ ಸಾವಿರ ಗುಂಡು ಹೇಗೆ ಮುಗೀತು ಅಂತಾನೇ ಗೊತ್ತಾಗಲ್ಲ. ಅದರಲ್ಲಿ ಮುಕ್ಕಾಲು ಪಾಲು ಹೋಗೋದು ಮರಕ್ಕೆ. ಮೊನ್ನೆ ಅಲ್ಲಿಗೆ ಬರೋ ವಯಸ್ಸಾದವರೊಬ್ಬರ ಪಂಪ್ ಕೇಳಿ ತಗೊಂಡು ಮಧ್ಯಾಹ್ನವೆಲ್ಲ ಆಡಿದೆ. ಖರ್ಚಾಗಿದ್ದು ಅರವತ್ತು ಗುಂಡು. ಔಟ್ ಮಾಡಿದ್ದು ಮೂರು ಜನರನ್ನ, ಸೆಮಿಯಲ್ಲಿ ಮಾಡ್ತಿದ್ದದ್ದೂ ಹೆಚ್ಚುಕಮ್ಮಿ ಅಷ್ಟೇ.

ಮನೆಗೆ ಬಂದು ಎಕ್ಸೆಲ್ ತೆಗೆದೆ. (ಎಂಜಿನಿಯರ್‌ಗಳಿಗೆ ಆಸೆ ಹುಟ್ಟಿದಾಗಲೆಲ್ಲ ಎಕ್ಸೆಲ್ ಬೇಕು.) ಸ್ವಂತ ಗನ್ ಇದ್ರೆ ಪ್ರವೇಶ, ಗಾಳಿಗೆ 20. ಗುಂಡಿನ ಚೀಲ ಎರಡರ ಬದಲು ಒಂದು. ದಿನಕ್ಕೆ 50 ಡಾಲರ್ ಉಳೀತು. ನಾನು ಕಣ್ಣಿಟ್ಟಿರೋ ಹಳೇ ಫ್ಯಾಂಟಮ್‌ಗೆ 200 ಹೇಳ್ತಿದಾರೆ, ಅಂದ್ರೆ ನಾಲ್ಕು ಶನಿವಾರಕ್ಕೆ ದುಡ್ಡು ವಾಪಸ್. ಹೆಂಡತಿ ಒಂದೇ ಸಲ ನೋಡಿ, "ಹೋಗದೇ ಇದ್ರೆ ಇನ್ನೂ ಜಾಸ್ತಿ ಉಳಿಯತ್ತಲ್ಲ ರೀ" ಅಂದಳು. ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಪಂಪ್ ಅಂದ್ರೆ ಹಳೇಕಾಲದ್ದು ಅಂತ ನಗೋರಿಗೆ ಈ ಆಟದ ಹುಟ್ಟಿನ ಕತೆ ಹೇಳಬೇಕು. ಮರ ಗುರುತು ಮಾಡೋ ಅರಣ್ಯದವರಿಗೆ, ದನ ಗುರುತು ಮಾಡೋರಿಗೆ ಅಂತ ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ಬಣ್ಣದ ಪಿಸ್ತೂಲು ನೆಲ್‌ಸ್ಪಾಟ್ 007. ಆಟದವರು ಇವತ್ತಿಗೂ ಗನ್ ಅನ್ನದೆ 'ಮಾರ್ಕರ್' ಅನ್ನೋದು ಅದಕ್ಕೇ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಹತ್ತಿರದ ಕಾಡಿನಲ್ಲಿ ಹನ್ನೆರಡು ಜನ ಆ ಪಿಸ್ತೂಲು ಹಿಡಿದು ಮೊದಲ ಆಟ ಆಡಿದರು. ಅದೂ ಒಂದು ಹೊಡೆದು ಇನ್ನೊಂದು ತುಂಬೋದೇ. ಗೆದ್ದವನು ರಿಚಿ ವೈಟ್ ಅನ್ನೋ ಅರಣ್ಯದ ಕೆಲಸಗಾರ. ಒಂದೂ ಗುಂಡು ಹೊಡೀಲಿಲ್ಲ ಆತ! ಕಾಡಲ್ಲಿ ಸದ್ದಿಲ್ಲದೆ ಓಡಾಡಿ ಬಾವುಟಗಳನ್ನೆಲ್ಲ ಎತ್ಕೊಂಡು ಹೊರಗೆ ಬಂದ. ನನ್ನ ಮಟ್ಟಿಗೆ ಆಟ ಅಂದ್ರೆ ಅದು. ಸೆಮಿ ಬಂದ ಮೇಲೆ ಡ್ರಮ್ಮಿನ ಹಿಂದೆ ಕೂತು ಹೋಸ್‌ಪೈಪ್ ಹಿಡಿದ ಹಾಗೆ ಬಣ್ಣ ಬಿಡೋದಾಯ್ತು.

ಕಷ್ಟಗಳೂ ಇವೆ, ಮುಚ್ಚಿಡಲ್ಲ. ಬಯಲಿನ ಆಟದಲ್ಲಿ ಪಂಪ್ ಹಿಡಿದವನು ತಲೆ ಎತ್ತೋ ಹಾಗಿಲ್ಲ. 12 ಗ್ರಾಂ ಸಿಒ2 ಸಿಲಿಂಡರ್ ಹಾಕೋ ಮಾದರಿಯಾದ್ರೆ ಚಳಿಗೆ ಒತ್ತಡ ಇಳಿದು ಗುಂಡು ಅರ್ಧ ದಾರೀಲೇ ಮುಗ್ಗರಿಸತ್ತೆ. ಉಳಿದ ಗುಂಡು ಮುಂದಿನ ತಿಂಗಳಿಗೆ ಇಡೋಣ ಅಂದ್ರೆ, ಅದರ ಸಿಪ್ಪೆ ಮಾತ್ರೆ ಕ್ಯಾಪ್ಸೂಲಿನ ಥರ ಜೆಲಟಿನ್, ತೇವಕ್ಕೆ ಉಬ್ಬತ್ತೆ. ಉಬ್ಬಿದ್ದು ನಳಿಗೆಯೊಳಗೇ ಒಡೆದರೆ ಆಮೇಲೆ ಬಿಡೋ ಗುಂಡೆಲ್ಲ ಅಡ್ಡಾದಿಡ್ಡಿ. ಸೆಮಿಯವನಿಗೆ ಅದು ಲೆಕ್ಕಕ್ಕಿಲ್ಲ. ನಮಗೆ ಒಂದೊಂದೂ ಲೆಕ್ಕ.

ಇಷ್ಟೆಲ್ಲ ತೂಗಿ ನೋಡಿದ ಮೇಲೂ ಒಂದು ಅನುಮಾನ ಉಳಿದಿತ್ತು. ನನಗೆ ಬೇಕಾಗಿರೋದು ಫ್ಯಾಂಟಮ್ಮೋ, ಅಪ್ಪಯ್ಯನ ಕೋವಿಯೋ?

ತೀರ್ಥಹಳ್ಳಿ ಕಡೆಯ ನಮ್ಮನೇಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಕೇಪು ಕೂರಿಸಿ ಒಂದು ಈಡು. ಗುರಿ ತಪ್ಪಿದರೆ ಮತ್ತೆ ಮೊದಲಿಂದ. ಅಷ್ಟರಲ್ಲಿ ಮಂಗಗಳು ಅರ್ಧ ಬಾಳೆಗೊನೆ ಮುಗಿಸಿ ಪಕ್ಕದ ತೋಟ ಸೇರಿರುತ್ತಿದ್ದವು. ಆದ್ದರಿಂದ ಅಪ್ಪಯ್ಯ ಹೊಡೆಯೋದಕ್ಕಿಂತ ಕಾಯೋದೇ ಜಾಸ್ತಿ. ಅವರ ಹಿಂದೆ ಅಡಿಕೆ ಮರಕ್ಕೆ ಒರಗಿ, ಉಂಬಳ ಹತ್ತಿದ್ರೂ ಅಲ್ಲಾಡದೆ ನಿಲ್ಲೋದನ್ನ ನಾನು ಕಲಿತೆ. ಪೆನ್ಸಿಲ್ವೇನಿಯಾದಲ್ಲಿ ಆ ಮೂರು ಜನ ಔಟಾಗಿದ್ದು ಅದರಿಂದಲೇ ಅಂತ ನನಗೆ ಗೊತ್ತು.

ಚುನಾವಣೆ ಬಂದಾಗ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸ್ ತರಬೇಕು. ಹೋದ ಸಲ ಒಪ್ಪಿಸಿದ ಅಪ್ಪಯ್ಯ ತರೋದಕ್ಕೆ ಹೋಗಲೇ ಇಲ್ಲ. ಮೊಣಕಾಲು ನೋವು. "ತಂದು ಎಂತ ಮಾಡದು? ತೋಟಕ್ಕೆ ಇಳಿಯೋರು ಯಾರಿದಾರೆ? ನಿನ್ನ ಹೆಸರಿಗೆ ಮಾಡ್ಸದಾದ್ರೆ ಹೇಳು, ಇಲ್ದಿದ್ರೆ ಲೈಸೆನ್ಸೇ ಬಿಟ್ಟುಬಿಡ್ತೀನಿ" ಅಂದರು ಫೋನಲ್ಲಿ. ನಾನು ಡಿಸೆಂಬರ್‌ಗೆ ಬರ್ತೀನಿ, ಅಲ್ಲೀವರೆಗೆ ಏನೂ ಮಾಡಬೇಡಿ ಅಂದೆ. ಬಂದು ಏನು ಹೇಳ್ತೀನಿ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ವರ್ಷಕ್ಕೆ ಮೂರು ವಾರ ಊರಲ್ಲಿರೋನ ಹೆಸರಿಗೆ ಬೆಳೆ ಕಾಯೋ ಕೋವಿ ಯಾಕೆ ಅಂತ ಯಾರು ಕೇಳಿದ್ರೂ ನನ್ನ ಹತ್ರ ಉತ್ತರ ಇಲ್ಲ.

ಆ ವಿಷಯ ಫ್ಯಾಂಟಮ್‌ನಿಂದ ಬಗೆಹರಿಯೋದಲ್ಲ, ಬಗೆಹರಿಸಲಿ ಅಂತ ಕೊಳ್ಳೋದೂ ಬೇಡ. ಅದನ್ನ ಪಕ್ಕಕ್ಕಿಟ್ಟು ಬರೀ ಆಟಕ್ಕಾಗಿ ನೋಡಿದೆ. ತಿಂಗಳಿಗೊಮ್ಮೆ ಕಾಡಿನಲ್ಲಿ ಆಡೋನಿಗೆ ಪಂಪ್ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ವರ್ಷಕ್ಕೊಮ್ಮೆ ಟೀಮ್ ಔಟಿಂಗ್‌ಗೆ ಹೋಗೋರು ಬಾಡಿಗೆ ಸೆಮಿ ತಗೊಂಡು ಮಜಾ ಮಾಡಿ. 180ಕ್ಕೆ ಚೌಕಾಸಿ ಮಾಡಿ, ಗಾಳಿ ಸೋರಲ್ಲ ಅಂತ ಹತ್ತು ನಿಮಿಷ ಕಿವಿಗೊಟ್ಟು ಕೇಳಿ ತಗೊಂಡೆ.

ಅಪ್ಪಯ್ಯನಿಗೆ ವೀಡಿಯೋ ಕಾಲ್‌ನಲ್ಲಿ ತೋರಿಸಿದೆ. ಪಂಪ್ ಎಳೆದು ತಳ್ಳಿದ ಸದ್ದು ಎರಡು ಸಲ ಮಾಡಿಸಿ ಕೇಳಿದರು.

"ಮಂಗ ಹೆದರ್ತಾವನಾ ಇದಕ್ಕೆ?"

"ಬಣ್ಣ ಹತ್ತತ್ತೆ ಅಷ್ಟೇ ಅಪ್ಪಯ್ಯ."

"ಹಂಗಾದ್ರೆ ಒಳ್ಳೇದೇ ಆಯ್ತು ಮಾರಾಯ, ಯಾವ ಮಂಗ ದಿನಾ ಬರ್ತದೆ ಅಂತ ಗೊತ್ತಾಗ್ತದೆ. ಬರೋವಾಗ ತಗಂಬಾ."

ವಿಮಾನದಲ್ಲಿ ಬಿಡ್ತಾರಾ ಅಂತ ನೋಡಬೇಕು.